ಅಪ್ಪನಿಗೆ 72, ಕೈಯಲ್ಲಿ ಎಪಿಎಲ್ ಕಾರ್ಡ್: ಆಸ್ಪತ್ರೆ ಖರ್ಚಿಗೆ ಸರ್ಕಾರದ ಯಾವ ದಾರಿ ಇದೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ನಾನು ಬೆಂಗಳೂರಿನಲ್ಲಿ ಖಾಸಗಿ ಕಂಪನಿಯಲ್ಲಿದ್ದೇನೆ. ಅಪ್ಪನಿಗೆ 72, ಅವ್ವನಿಗೆ 67. ಅಪ್ಪ ಕಲಬುರಗಿಯ ದಾಲ್ ಮಿಲ್ಲಿನಲ್ಲಿ 19 ವರ್ಷ ತೂಕದ ಲೆಕ್ಕ ಬರೆದು, ಏಳು ವರ್ಷದ ಹಿಂದೆ ನಿವೃತ್ತರಾದರು. ಮೂರು ಎಕರೆ ತೊಗರಿ ಹೊಲ ಇದೆ. ಊರ ಸೊಸೈಟಿಯಲ್ಲಿ ಸದಸ್ಯರು. ಮೊದಲು ಬಿಪಿಎಲ್ ಕಾರ್ಡ್ ಇತ್ತು. ನಾನು ಆದಾಯ ತೆರಿಗೆ ಕಟ್ಟುತ್ತೇನೆ ಎಂದು ಅದನ್ನು ಎಪಿಎಲ್ ಮಾಡಿದ್ದಾರೆ. ಈಗ ಅಪ್ಪನಿಗೆ ಹೊಲದ ತನಕ ನಡೆದರೆ ಎದೆ ಹಿಡಿದಂತೆ ಆಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಆಂಜಿಯೋಗ್ರಾಂ ಮಾಡಿಸಿ ಎಂದಿದ್ದಾರೆ. ಅವ್ವನಿಗೆ ಎರಡೂ ಮೊಣಕಾಲು ಸವೆದಿವೆ. ಆನ್‌ಲೈನ್ ಸೆಂಟರಿನವನು '1,500 ಕೊಡ್ರಿ, ಇಬ್ಬರಿಗೂ ಐದೈದು ಲಕ್ಷದ ಕಾರ್ಡ್ ಮಾಡಿಸಿ ಕೊಡ್ತೀನಿ' ಎನ್ನುತ್ತಿದ್ದಾನೆ. ಎಪಿಎಲ್‌ನವರಿಗೆ ಏನೂ ಇಲ್ಲ ಎಂದು ಊರಲ್ಲಿ ಹೇಳುತ್ತಾರೆ. ತಮ್ಮ ಹೈದರಾಬಾದಿಗೆ ಕರೆದುಕೊಂಡು ಹೋಗೋಣ ಅಂತಾನೆ. ನಾನು ಖಾಸಗಿ ವಿಮೆ ತೆಗೆದುಕೊಳ್ಳಲಾ? ಯಾವುದು ನಿಜ, ಯಾವುದನ್ನು ನಂಬಲಿ?

ಉತ್ತರ: ಮೊದಲು ಅಪ್ಪನ ಎದೆಯ ವಿಷಯ, ಆಮೇಲೆ ಕಾರ್ಡು. ನಡೆದಾಗ ಎದೆ ಹಿಡಿಯುವುದು, ನಿಂತರೆ ಬಿಡುವುದು, ಇದನ್ನು ಗ್ಯಾಸ್ ಎಂದು ಸೋಡಾ ಕುಡಿಸಿ ಮುಂದೂಡಬೇಡಿ. ಆಂಜಿಯೋಗ್ರಾಂ ಬೇಕು ಎಂದಿದ್ದರೆ ಈ ವಾರವೇ ತೋರಿಸಿ. ಕೂತಾಗಲೂ ನೋವು ಬಂದರೆ, ಬೆವರು ಬಂದರೆ, ಎಡಗೈಗೆ ಅಥವಾ ದವಡೆಗೆ ನೋವು ಇಳಿದರೆ ಕಲಬುರಗಿಗೆ ಕಾರು ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಒಯ್ಯಿರಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಹೃದಯಾಘಾತ ಎಂದು ಗೊತ್ತಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರದ ಔಷಧಿ ಅದು. ಇದಕ್ಕೆ ಎಪಿಎಲ್, ಬಿಪಿಎಲ್ ಎಂಬ ಭೇದ ಇಲ್ಲ.

ನಾನು ಕಲಬುರಗಿಯಲ್ಲಿ ಆರೋಗ್ಯಮಿತ್ರಳಾಗಿ, ಅಂದರೆ ಆಸ್ಪತ್ರೆಯಲ್ಲಿ ಕೂತು ಸರ್ಕಾರಿ ಯೋಜನೆಯ ಕೇಸ್ ಮಾಡಿಸಿಕೊಡುವವಳಾಗಿ, ಕೆಲಸ ಶುರು ಮಾಡಿದವಳು. ಆಮೇಲೆ ಆಸ್ಪತ್ರೆಗಳ ವಿಮಾ ಕೌಂಟರಿನಲ್ಲಿ ಬಹಳ ವರ್ಷ ಕೂತಿದ್ದೇನೆ. ಕಾರ್ಡ್ ಇಲ್ಲದೆ ಹಣ ಕಳೆದುಕೊಂಡವರನ್ನು ನೋಡಿದ್ದೇನೆ. ಆದರೆ ಕಾರ್ಡ್ ಜೇಬಿನಲ್ಲೇ ಇಟ್ಟುಕೊಂಡು ಹಣ ಕಳೆದುಕೊಂಡವರು ಅದಕ್ಕಿಂತ ಜಾಸ್ತಿ. ನನ್ನ ಸ್ವಂತ ಅತ್ತೆಗೇ ಹೀಗಾಯಿತು. ಮಧ್ಯರಾತ್ರಿ ಒಂದು ಆಸ್ಪತ್ರೆಗೆ ಸೇರಿಸಿದರು, ಕ್ಯಾಶ್ ಕೌಂಟರಿನಲ್ಲಿ ಮುಂಗಡ ಕಟ್ಟಿದರು. ಯೋಜನೆಯ ಕೌಂಟರ್ ಎದುರಿಗೇ ಇತ್ತು, ಅಲ್ಲಿ ಯಾರೂ ಕೇಳಲಿಲ್ಲ. ಮೂರನೇ ದಿನ ನನಗೆ ಫೋನ್ ಬಂತು. ಅಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಸರ್ಕಾರದ ಯೋಜನೆಯಲ್ಲಿ ಚಿಕಿತ್ಸೆಗೆ ಮೊದಲು ಕೇಸ್ ನೋಂದಣಿಯಾಗಿ ಒಪ್ಪಿಗೆ ಬರಬೇಕು. ಮುಗಿದ ಮೇಲೆ ಬಿಲ್ ಕೊಟ್ಟರೆ ಹಣ ವಾಪಸ್ ಬರುವ ಪದ್ಧತಿ ಇಲ್ಲಿಲ್ಲ. ನಾನು ಮುಂದೆ ಹೇಳುವ ಎಲ್ಲದಕ್ಕೂ ಇದೇ ತಳಪಾಯ.

ಈಗ ಊರ ಮಾತುಗಳು. 'ಎಪಿಎಲ್‌ನವರಿಗೆ ಏನೂ ಇಲ್ಲ' ಅನ್ನೋದು ತಪ್ಪು. ನಮ್ಮ ರಾಜ್ಯದಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ 2018ರಲ್ಲಿ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರದ, ಶೇ 30ರಷ್ಟು ಕೊಡುತ್ತದೆ, ವರ್ಷಕ್ಕೆ 1.5 ಲಕ್ಷ ದಾಟುವಂತಿಲ್ಲ. ಒಂದು ಚಿಕಿತ್ಸೆಯ ಪ್ಯಾಕೇಜ್ ಒಂದು ಲಕ್ಷ ಎಂದು ಇಟ್ಟುಕೊಂಡರೆ 30 ಸಾವಿರ ಸರ್ಕಾರದ್ದು, ಉಳಿದದ್ದು ನಿಮ್ಮದು. ದೊಡ್ಡ ನೆರವೇನಲ್ಲ, ಆದರೆ ಸುಮ್ನೆ ಬಿಟ್ಟುಬಿಡುವಷ್ಟು ಸಣ್ಣದೂ ಅಲ್ಲ.

'ಒಬ್ಬೊಬ್ಬರಿಗೆ ಐದು ಲಕ್ಷ' ಅನ್ನೋದೂ ತಪ್ಪು. ಅದು ಇಡೀ ಕುಟುಂಬಕ್ಕೆ ಸೇರಿ. ಹಣ ನಿಮ್ಮ ಖಾತೆಗೂ ಬರುವುದಿಲ್ಲ. ಆಸ್ಪತ್ರೆಗೆ ಸರ್ಕಾರವೇ ಕಟ್ಟುತ್ತದೆ. 'ಹಳೆ ಕಾಯಿಲೆಗೆ ಸಿಗಲ್ಲ' ಅನ್ನೋದು ಖಾಸಗಿ ವಿಮೆಯ ಮಾತು. ಸರ್ಕಾರದ ಯೋಜನೆಯಲ್ಲಿ ಮೊದಲ ದಿನದಿಂದಲೇ ಹಳೆ ಕಾಯಿಲೆಗೂ ಚಿಕಿತ್ಸೆ ಇದೆ.

ಇನ್ನೊಂದು ಗೊಂದಲ ಈಗ ಬಹಳ. ಆಭಾ ಕಾರ್ಡ್ ಬೇರೆ, ಆಯುಷ್ಮಾನ್ ಕಾರ್ಡ್ ಬೇರೆ. ಆಭಾ ಎಂದರೆ 14 ಅಂಕಿಯ ಒಂದು ಗುರುತಿನ ಸಂಖ್ಯೆ. ನಿಮ್ಮ ಆಸ್ಪತ್ರೆ ದಾಖಲೆಗಳನ್ನು ಒಂದೆಡೆ ಇಡಲು ಅದು ಬೇಕು. ಅದರಲ್ಲಿ ಒಂದು ರೂಪಾಯಿಯ ವಿಮೆಯೂ ಇಲ್ಲ. ಆಳಂದ ಕಡೆಯ ಒಬ್ಬ ಅಜ್ಜ ಆಭಾ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ಎರಡು ವರ್ಷ ಜೋಪಾನ ಮಾಡಿ, ಆಪರೇಷನ್ ದಿನ ನನ್ನ ಮುಂದೆ ಇಟ್ಟಿದ್ದರು. 'ಇದರಾಗ ಐದು ಲಕ್ಷ ಅದ ಅಂದ್ರಲ್ಲವ್ವ' ಎಂದರು. ಅವರಿಗೆ ಏನು ಹೇಳುವುದೆಂದು ನನಗೆ ತಿಳಿಯಲಿಲ್ಲ. ನಿಮ್ಮ ಆನ್‌ಲೈನ್ ಸೆಂಟರಿನವನು ಕೊಡುವುದು ಯಾವುದು ಎಂದು ಮೊದಲು ಕೇಳಿ. ಯಾವುದೇ ಆದರೂ 1,500 ರೂಪಾಯಿಯ ಮಾತೇ ಇಲ್ಲ. ಸರ್ಕಾರ ಇದಕ್ಕೆ ಶುಲ್ಕ ಇಟ್ಟಿಲ್ಲ. ಮೊಬೈಲಿನಲ್ಲಿ ನೀವೇ ಮಾಡಿಕೊಳ್ಳಬಹುದು, ಹಾಗಾಗದಿದ್ದರೆ ಗ್ರಾಮ ಒನ್ ಕೇಂದ್ರದಲ್ಲಿ ಕೇಳಿ. ಅರ್ಹತೆ ಇಲ್ಲದವರಿಗೆ ಯಾರಿಂದಲೂ ಕಾರ್ಡ್ ಮಾಡಿಸಿಕೊಡಲು ಆಗುವುದಿಲ್ಲ.

ಅಪ್ಪನಿಗೆ 72 ಎಂದಿರಿ. ಇಲ್ಲಿ ಹೊಸದೊಂದು ದಾರಿ ಇದೆ. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ವಯ ವಂದನಾ ಕಾರ್ಡ್ ಶುರು ಮಾಡಿತು. ಇದಕ್ಕೆ ಆದಾಯ ನೋಡುವುದಿಲ್ಲ, ರೇಷನ್ ಕಾರ್ಡ್ ನೋಡುವುದಿಲ್ಲ, ಮಗ ತೆರಿಗೆ ಕಟ್ಟುತ್ತಾನಾ ಎಂದೂ ಕೇಳುವುದಿಲ್ಲ. ಬೇಕಾದದ್ದು ಆಧಾರ್ ಮತ್ತು ಅದರಲ್ಲಿ 70 ತುಂಬಿದ ವಯಸ್ಸು. ವರ್ಷಕ್ಕೆ 5 ಲಕ್ಷ. ಒಂದೇ ಮನೆಯಲ್ಲಿ 70 ದಾಟಿದವರು ಇಬ್ಬರಿದ್ದರೆ ಅದನ್ನೇ ಹಂಚಿಕೊಳ್ಳಬೇಕು. ಅವ್ವನಿಗೆ 67, ಹಾಗಾಗಿ ಇದರಲ್ಲಿ ಅವರಿಗೆ ಪಾಲಿಲ್ಲ. ಇಬ್ಬರಿಗೂ ಮಾಡಿಸಿ ಕೊಡ್ತೀನಿ ಎಂದವನ ಮಾತು ಇಲ್ಲೇ ಸುಳ್ಳಾಯಿತು, ಅಲ್ವಾ?

ಆದರೆ ಈ ಕಾರ್ಡ್ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಇದರ ಖರ್ಚಿನಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಈ ಪಾಲಿನ ವಿಷಯದಲ್ಲಿ ನಮ್ಮ ರಾಜ್ಯಕ್ಕೂ ಕೇಂದ್ರಕ್ಕೂ ಹಗ್ಗಜಗ್ಗಾಟ ನಡೆಯಿತು. ಮಧ್ಯೆ ಸಿಕ್ಕಿದ್ದು ಹಿರಿಯರು. ಮೊಬೈಲಿನಲ್ಲಿ ಕಾರ್ಡ್ ಬಂದ ಮಾತ್ರಕ್ಕೆ ಆಸ್ಪತ್ರೆಯಲ್ಲಿ ಕೇಸ್ ಆಗುತ್ತದೆ ಎಂದುಕೊಳ್ಳಬೇಡಿ. ಅಪ್ಪನನ್ನು ಸೇರಿಸುವ ಮೊದಲು ಆ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಹೋಗಿ ನೇರವಾಗಿ ಕೇಳಿ: 'ವಯ ವಂದನಾ ಕಾರ್ಡಿನ ಮೇಲೆ, ಹೃದಯದ ಚಿಕಿತ್ಸೆಗೆ, ಇಲ್ಲಿ ಕೇಸ್ ಬುಕ್ ಆಗುತ್ತದಾ?' ಹೌದು ಎಂದರೆ ಸರಿ. ಇಲ್ಲ ಎಂದರೆ ಎಪಿಎಲ್ ಲೆಕ್ಕದ ಶೇ 30 ಹೇಗೂ ಇದೆ. 14555ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಆಧಾರಿನ ವಯಸ್ಸಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಹಿರಿಯರ ವಯಸ್ಸು ಕಾಗದದಲ್ಲಿ ಇರುವುದು ಕಡಿಮೆ, ನೆನಪಿನಲ್ಲಿ ಜಾಸ್ತಿ. 'ರಜಾಕಾರರ ಗಲಾಟ್ಯಾಗ ತೊಟ್ಟಲಾಗಿದ್ದೆ', 'ಎಪ್ಪತ್ತೆರಡರ ಬರದಾಗ ಮದುವಿ ಆತು' ಎಂದೇ ಲೆಕ್ಕ ಹೇಳುತ್ತಾರೆ. ಆಧಾರ್ ಮಾಡುವಾಗ ಆಪರೇಟರ್ ಮುಖ ನೋಡಿ ಅಂದಾಜಿನಲ್ಲಿ ಜನವರಿ 1 ಎಂದು ಬರೆದುಬಿಟ್ಟಿರುತ್ತಾನೆ. ರಜಾಕಾರರ ಕಾಲದಲ್ಲಿ, ಅಂದರೆ 1948ರಲ್ಲಿ ತೊಟ್ಟಿಲಲ್ಲಿದ್ದ ಒಬ್ಬ ಅಜ್ಜಿಗೆ ಆಧಾರಿನಲ್ಲಿ 66 ಎಂದಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಂತ್ರಕ್ಕೆ ಅಜ್ಜಿಯ ಮಾತು ತಿಳಿಯುವುದಿಲ್ಲ, ಆಧಾರ್ ಹೇಳಿದ್ದೇ ವಯಸ್ಸು. ನಿಮ್ಮ ಅಪ್ಪನ ಆಧಾರನ್ನು ಇವತ್ತೇ ತೆಗೆದು ನೋಡಿ. ತಪ್ಪಿದ್ದರೆ ತಿದ್ದಿಸಬಹುದು, ಆದರೆ ಹುಟ್ಟಿದ ದಿನಾಂಕವನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ತಿದ್ದಲು ಬಿಡುತ್ತಾರೆ. ಗಟ್ಟಿ ದಾಖಲೆ ಕೈಯಲ್ಲಿ ಇಟ್ಟುಕೊಂಡೇ ಹೋಗಿ. ಹೊಲದಲ್ಲಿ ದುಡಿದವರ ಬೆರಳಚ್ಚು ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ಆಗ ಮುಖ ತೋರಿಸಿ ದೃಢೀಕರಣ ಮಾಡುವ ಸೌಲಭ್ಯ ಆಯುಷ್ಮಾನ್ ಆ್ಯಪಿನಲ್ಲಿದೆ. ಆಧಾರಿಗೆ ಅಪ್ಪನ ಈಗಿನ ಮೊಬೈಲ್ ನಂಬರ್ ಜೋಡಿಸಿದ್ದರೆ ಇನ್ನೂ ಸುಲಭ.

ಈಗ ನಿಮ್ಮ ಪತ್ರದಲ್ಲಿ ನೀವೇ ಬರೆದು ನೀವೇ ಗಮನಿಸದ ಒಂದು ವಿಷಯಕ್ಕೆ ಬರುತ್ತೇನೆ. ಅಪ್ಪ ದಾಲ್ ಮಿಲ್ಲಿನಲ್ಲಿ 19 ವರ್ಷ ಇದ್ದರು ಎಂದಿರಿ. ಸಂಬಳದಲ್ಲಿ ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆಯ ವಂತಿಗೆ, ಹಿಡಿಯುತ್ತಿದ್ದರಾ? ಹಿಡಿಯುತ್ತಿದ್ದರೆ, ನಿಮ್ಮ ಮನೆಗೆ ಎಲ್ಲಕ್ಕಿಂತ ಅಗ್ಗದ, ಬಹುಶಃ ಎಲ್ಲಕ್ಕಿಂತ ಉಪಯೋಗದ ದಾರಿ ಇದೇ. ಕನಿಷ್ಠ ಐದು ವರ್ಷ ಇಎಸ್ಐ ವಿಮೆಯಲ್ಲಿದ್ದು, ವಯಸ್ಸಾಗಿ ನಿವೃತ್ತರಾದವರು ತಿಂಗಳಿಗೆ 10 ರೂಪಾಯಿಯಂತೆ ವರ್ಷಕ್ಕೆ 120 ರೂಪಾಯಿ ಒಟ್ಟಿಗೆ ಕಟ್ಟಿದರೆ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ನಿವೃತ್ತರಿಗಷ್ಟೇ ಅಲ್ಲ, ಗಂಡ ಅಥವಾ ಹೆಂಡತಿಗೂ. ಅಂದರೆ ಅವ್ವನಿಗೂ ಸಿಗುತ್ತದೆ. ರೇಷನ್ ಕಾರ್ಡಿನ ಬಣ್ಣ ಇಲ್ಲಿ ಲೆಕ್ಕಕ್ಕಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಆಯುಷ್ಮಾನ್ ಯೋಜನೆ ಆಸ್ಪತ್ರೆಗೆ ದಾಖಲಾದರೆ ಮಾತ್ರ. ಓಪಿಡಿ ಚೀಟಿ, ತಿಂಗಳ ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ಆಗಾಗ ಮಾಡಿಸುವ ರಕ್ತ ಪರೀಕ್ಷೆ ಯಾವುದೂ ಅದರಲ್ಲಿಲ್ಲ. ದಾಖಲಾತಿಗೆ ಮೂರು ದಿನ ಮೊದಲಿನ, ಮನೆಗೆ ಬಂದ ಮೇಲೆ 15 ದಿನದ ಔಷಧಿ ಅಷ್ಟೇ ಸೇರುತ್ತದೆ. ವಯಸ್ಸಾದವರ ಮನೆಯಲ್ಲಿ ಹಣ ಸೋರುವುದು ಎಲ್ಲಿ? ದೊಡ್ಡ ಆಪರೇಷನ್ ಜೀವಮಾನದಲ್ಲಿ ಒಂದೋ ಎರಡೋ. ಮಾತ್ರೆಯ ಖರ್ಚು ಪ್ರತಿ ತಿಂಗಳದ್ದು. ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ದುಡ್ಡಿಲ್ಲ ಎಂದು ನಡುವೆ ಬಿಟ್ಟು, ಮತ್ತೆ ಸ್ಟ್ರೆಚರ್ ಮೇಲೆ ಬಂದವರನ್ನು ನಾನು ನೋಡಿದ್ದೇನೆ. ಇಎಸ್ಐನಲ್ಲಿ ಓಪಿಡಿಯೂ ಇದೆ, ಮಾತ್ರೆಯೂ ಇದೆ. ಸೇಡಂ ರಸ್ತೆಯಲ್ಲಿ ಕಲಬುರಗಿಗೆ ಬರುವಾಗ ಇಎಸ್ಐ ವೈದ್ಯಕೀಯ ಕಾಲೇಜಿನ ದೊಡ್ಡ ಕಟ್ಟಡಗಳನ್ನು ನೀವು ಎಷ್ಟು ಸಲ ದಾಟಿಲ್ಲ? ನಿಮ್ಮೂರಿನ ಬಸ್ಸು ಓಡಾಡುವ ರಸ್ತೆಯಲ್ಲೇ ಇರುವ ಆಸ್ಪತ್ರೆ ಅದು. ಅವ್ವನ ಮೊಣಕಾಲನ್ನು ಅಲ್ಲಿನ ಮೂಳೆ ವಿಭಾಗದಲ್ಲಿ ತೋರಿಸಬಹುದು.

ಇದರಲ್ಲೂ ತೊಡಕು ಇದೆ. ಅಪ್ಪನ ವಿಮಾ ಸಂಖ್ಯೆ ಬೇಕು, ಹತ್ತು ಅಂಕಿಯದು. ಐದು ವರ್ಷ ವಂತಿಗೆ ಕಟ್ಟಿದ್ದಕ್ಕೆ, ನಿವೃತ್ತಿಯಾದದ್ದಕ್ಕೆ ದಾಖಲೆ ಬೇಕು. ಮಿಲ್ ಮಾಲೀಕರು ಇಎಸ್ಐ ಕಟ್ಟಿಯೇ ಇರದಿದ್ದರೆ, ಅಥವಾ ನಿವೃತ್ತಿಗೆ ಮೊದಲೇ ಸಂಬಳ ಇಎಸ್ಐ ಮಿತಿ ದಾಟಿದ್ದರೆ ಇದು ಸಿಗುವುದು ಕಷ್ಟ. 2017ರಿಂದ ಆ ಮಿತಿ ತಿಂಗಳಿಗೆ 21,000 ರೂಪಾಯಿ. ದೊಡ್ಡ ಚಿಕಿತ್ಸೆಗೆ ಹೊರಗಿನ ಖಾಸಗಿ ಆಸ್ಪತ್ರೆಗೆ ಕಳುಹಿಸುವ ನಿಯಮವೂ ಬೇರೆ. ಆದ್ದರಿಂದ ಇಎಸ್ಐ ಆಸ್ಪತ್ರೆಯ ಒಳಗೆ ಸಿಗುವುದನ್ನು ಮಾತ್ರ ಲೆಕ್ಕ ಹಾಕಿ. ನಿವೃತ್ತಿಯಾಗಿ ಏಳು ವರ್ಷ ಆಯಿತಲ್ಲ ಎಂದು ಕೈಬಿಡಬೇಡಿ. ಶಾಖಾ ಕಚೇರಿಗೆ ಅಪ್ಪನ ಹಳೆ ಕಾಗದ ತೆಗೆದುಕೊಂಡು ಹೋಗಿ ಕೇಳಿ.

ಸೊಸೈಟಿ ಸದಸ್ಯರು ಎಂದಿರಿ. ಹಾಗಾದರೆ ಯಶಸ್ವಿನಿ. 2003ರಲ್ಲಿ ಸಹಕಾರ ಸಂಘದ ರೈತರಿಗಾಗಿ ಶುರುವಾಗಿ, 2018ರಲ್ಲಿ ನಿಂತು, 2022ರ ಕೊನೆಗೆ ಮತ್ತೆ ನೋಂದಣಿ ಆರಂಭವಾದ ಯೋಜನೆ ಇದು. ಗ್ರಾಮೀಣ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ. ಎಪಿಎಲ್ ಮನೆಯ ರೈತರಿಗೆ ಒಳ್ಳೆಯ ಆಸರೆ. ಆದರೆ ಇದು ಬೇಕೆಂದಾಗ ಸೇರುವಂಥದ್ದಲ್ಲ. ವರ್ಷಕ್ಕೊಮ್ಮೆ ನೋಂದಣಿ, ಅದಕ್ಕೆ ಕೊನೆಯ ದಿನ, ಆಮೇಲೆ ಚಿಕಿತ್ಸೆ. ಅಪ್ಪನ ಹೃದಯಕ್ಕೆ ಇದನ್ನು ಕಾಯಬಾರದು. ಅವ್ವನ ಮೊಣಕಾಲಿಗೆ ಕಾಯಬಹುದು, ಆದರೆ ಮೊಣಕಾಲಿನ ಆ ಚಿಕಿತ್ಸೆ ಇದರ ಪಟ್ಟಿಯಲ್ಲಿದೆಯಾ ಎಂದು ಮೊದಲು ಕೇಳಿಕೊಳ್ಳಿ. ಸೊಸೈಟಿ ಕಾರ್ಯದರ್ಶಿಗೆ ಈಗಲೇ ಹೇಳಿಡಿ. ಹೆಚ್ಚು ಸಂಬಳದ ಖಾಸಗಿ ನೌಕರರನ್ನು ಇದರಲ್ಲಿ ಸೇರಿಸುವುದಿಲ್ಲ, ಹಾಗಾಗಿ ಅರ್ಜಿಯಲ್ಲಿ ನಿಮ್ಮ ಹೆಸರು ತುಂಬುವ ಮುನ್ನ ಕೇಳಿಕೊಳ್ಳಿ.

ರೇಷನ್ ಕಾರ್ಡ್ ಮತ್ತೆ ಬಿಪಿಎಲ್ ಆಗಬಹುದಾ? ನೀವು ನಿಜವಾಗಿಯೂ ಬೆಂಗಳೂರಿನಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದರೆ ನಿಮ್ಮ ಹೆಸರನ್ನು ಊರಿನ ಕಾರ್ಡಿನಿಂದ ತೆಗೆಸಿ, ಅಪ್ಪ ಅವ್ವನ ಆದಾಯದ ಮೇಲೆ ಅರ್ಜಿ ಹಾಕಬಹುದು. ಸಮಯ ಹಿಡಿಯುತ್ತದೆ. ಕಾಗದದ ಮೇಲೆ ಮಾತ್ರ ಬೇರೆಯಾಗುವ ಕೆಲಸಕ್ಕೆ ಹೋಗಬೇಡಿ. ಪರಿಶೀಲನೆಯಲ್ಲಿ ಸಿಕ್ಕರೆ ಇರುವ ಕಾರ್ಡೂ ಹೋಗುತ್ತದೆ.

ಹೈದರಾಬಾದಿನ ಮಾತು. ನಮ್ಮ ಕಡೆಯವರಿಗೆ ಇದು ಹಳೆಯ ರೂಢಿ. ಬೀದರಿನವರು ಹೈದರಾಬಾದಿಗೆ, ಅಫಜಲಪುರ, ಆಳಂದದವರು ಸೊಲ್ಲಾಪುರಕ್ಕೆ. ಇಲ್ಲಿ ಏನೂ ಇರಲಿಲ್ಲ, ಹೋದರು. ಈಗ ಹಾಗಿಲ್ಲ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆ ಇದೆ. 2024ರ ಡಿಸೆಂಬರಿನಲ್ಲಿ ಅದರ 371 ಹಾಸಿಗೆಗಳ ಹೊಸ ಕಟ್ಟಡವೂ ಉದ್ಘಾಟನೆಯಾಯಿತು. ಆಂಜಿಯೋಗ್ರಾಂ, ಆಂಜಿಯೋಪ್ಲಾಸ್ಟಿ ಇಲ್ಲೇ ಆಗುತ್ತವೆ. ರಾಜ್ಯದ ಎಪಿಎಲ್ ನೆರವು ಸಾಮಾನ್ಯವಾಗಿ ಗಡಿ ದಾಟಿ ಬರುವುದಿಲ್ಲ. ಹೈದರಾಬಾದಿಗೆ ಹೋದರೆ ಆ ಶೇ 30 ಕೂಡ ಹೋಯಿತು. ವಯ ವಂದನಾ ಕಾರ್ಡ್ ಹೊರ ರಾಜ್ಯದಲ್ಲೂ ನಡೆಯುವಂಥದ್ದು, ಆದರೆ ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿರಬೇಕು. ಪಟ್ಟಿಯಲ್ಲಿದ್ದರೂ ಹೃದಯ ವಿಭಾಗಕ್ಕೆ ಇರಬೇಕು. ಬೋರ್ಡ್ ಹಾಕಿದ ಎಷ್ಟೋ ಆಸ್ಪತ್ರೆಗಳು ಮೂಳೆಗೆ ಅಥವಾ ಕಣ್ಣಿಗೆ ಮಾತ್ರ ಪಟ್ಟಿಯಲ್ಲಿರುತ್ತವೆ. ಅಲ್ಲಿ ತನಕ ಹೋಗಿ ತಿಳಿಯುವ ಬದಲು ಫೋನಿನಲ್ಲೇ ಕೇಳಬೇಕು. ನನ್ನನ್ನು ಕೇಳಿದರೆ, ಮೊದಲು ಕಲಬುರಗಿಯಲ್ಲೇ ತೋರಿಸಿ.

ಇಲ್ಲೂ ಒಂದು ಕ್ರಮ ಇದೆ. ರಾಜ್ಯದ ಯೋಜನೆಯಲ್ಲಿ ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಪಡೆದು ಖಾಸಗಿಗೆ. ಗುರುತಿಸಿದ ತುರ್ತು ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ. ಮೊಣಕಾಲು ಬದಲಾವಣೆ ತುರ್ತಿನದಲ್ಲ. ನೇರವಾಗಿ ಖಾಸಗಿಗೆ ಹೋಗಿ, ಆಮೇಲೆ ರೆಫರಲ್ ತರುತ್ತೇವೆ ಎಂದವರು ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೂ ಖಾಸಗಿಗೂ ನಡುವೆ ನಾಲ್ಕು ದಿನ ಆಟೋದಲ್ಲಿ ತಿರುಗಿದ್ದನ್ನು ಕಂಡಿದ್ದೇನೆ. ಅದೂ ಮೊಣಕಾಲು ನೋವಿನ ಹೆಂಗಸನ್ನು ಕೂರಿಸಿಕೊಂಡು. ಕೈಯಿಂದ ಕಟ್ಟಿ ಮಾಡಿಸುವುದಾದರೆ ಇದು ನೆನಪಿರಲಿ: ಹೃದಯದ ಸ್ಟೆಂಟಿಗೆ 2017ರ ಫೆಬ್ರವರಿಯಿಂದ, ಮೊಣಕಾಲಿನ ಇಂಪ್ಲಾಂಟಿಗೆ ಅದೇ ವರ್ಷದ ಆಗಸ್ಟಿನಿಂದ ಸರ್ಕಾರ ಗರಿಷ್ಠ ಬೆಲೆ ನಿಗದಿ ಮಾಡಿದೆ. ಬಿಲ್ಲಿನಲ್ಲಿ ಅದರ ಬೆಲೆಯನ್ನು ಬೇರೆಯಾಗಿ ಬರೆಸಿಕೊಳ್ಳಿ.

ಕೊನೆಗೆ ನಿಮ್ಮ ಖಾಸಗಿ ವಿಮೆಯ ಪ್ರಶ್ನೆ. 2024ರ ಏಪ್ರಿಲ್‌ನಿಂದ ವಯಸ್ಸಿನ ಮಿತಿ ತೆಗೆದಿದ್ದಾರೆ, 65 ದಾಟಿದವರಿಗೂ ಪಾಲಿಸಿ ಕೊಡಬಹುದು. ಹಳೆ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ ಮೂರು ವರ್ಷಕ್ಕೆ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ. ಇಷ್ಟಿದ್ದರೂ ಅಪ್ಪನಿಗೆ ಈಗ ಹೊಸ ಪಾಲಿಸಿ ಕೊಳ್ಳಿ ಎಂದು ನಾನು ಹೇಳಲಾರೆ. ಎದೆಯ ತೊಂದರೆ ಈಗಾಗಲೇ ಚೀಟಿಯಲ್ಲಿ ಬರೆದಾಗಿದೆ. ಆ ಚೀಟಿ ಮುಚ್ಚಿಟ್ಟು ಪಾಲಿಸಿ ಮಾಡಿಸೋಣ ಎನ್ನುವ ಏಜೆಂಟರು ಸಿಗುತ್ತಾರೆ. ಕ್ಲೇಮ್ ಬಂದಾಗ ಕಂಪನಿ ಹಳೆಯ ಇಸಿಜಿ ಹುಡುಕಿ ತೆಗೆಯುತ್ತದೆ, ಆಗ ಏಜೆಂಟ್ ಫೋನ್ ಎತ್ತುವುದಿಲ್ಲ. ಅದಕ್ಕಿಂತ ನಿಮ್ಮ ಕಂಪನಿಯ ಎಚ್.ಆರ್. ಅವರನ್ನು ಕೇಳಿ. ಗುಂಪು ವಿಮೆಯಲ್ಲಿ ತಂದೆ ತಾಯಿಯನ್ನು ಸೇರಿಸಲು ಅವಕಾಶ ಇದೆಯಾ? ಬಹಳ ಕಡೆ ಇರುತ್ತದೆ, ಹಳೆ ಕಾಯಿಲೆಗೆ ಕಾಯುವ ಅವಧಿಯೂ ಇರುವುದಿಲ್ಲ. ನಿಮ್ಮ ಸಂಬಳದಿಂದ ಕಂತು ಕಡಿತವಾದರೂ ಪರವಾಗಿಲ್ಲ, ಸೇರಿಸಿ. ಕೆಲಸ ಬಿಟ್ಟರೆ ಅದೂ ಹೋಗುತ್ತದೆ, ಅಷ್ಟು ಗೊತ್ತಿರಲಿ. ಖಾಸಗಿ ವಿಮೆ ಇದ್ದವರಿಗೂ ವಯ ವಂದನಾ ಕಾರ್ಡಿಗೆ ಅಡ್ಡಿ ಇಲ್ಲ.

ಯೋಜನೆಯಲ್ಲಿ ಕೇಸ್ ಆದ ಮೇಲೂ ಆಸ್ಪತ್ರೆಯವರು ಕೈಹಣ ಕೇಳಿದರೆ ರಸೀದಿ ಬೇಡಿ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಅದರ ಸಹಾಯವಾಣಿ 1800 425 8330. ಅಲ್ಲಿಗೆ ಕರೆ ಮಾಡುತ್ತೇವೆ ಎಂದು ನಯವಾಗಿ ಹೇಳಿದರೇ ಎಷ್ಟೋ ಸಲ ಕೆಲಸ ಆಗುತ್ತದೆ.

ಈ ವಾರ ಇಷ್ಟು ಮಾಡಿ. ತಮ್ಮನಿಗೆ ಹೇಳಿ ಅಪ್ಪನನ್ನು ಜಯದೇವಕ್ಕೆ ಕರೆದೊಯ್ಯಲಿ. ಚೀಟಿ ಮಾಡಿಸುವ ಮೊದಲು ಆರೋಗ್ಯಮಿತ್ರರ ಮೇಜಿಗೆ ಹೋಗಲಿ. ಆಧಾರ್, ರೇಷನ್ ಕಾರ್ಡ್, ತಾಲ್ಲೂಕು ಆಸ್ಪತ್ರೆಯ ಇಸಿಜಿ, ರೆಫರಲ್ ಪತ್ರ ಒಂದೇ ಚೀಲದಲ್ಲಿರಲಿ. ನೀವು ಇವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಮಿಲ್ಲಿನ ಕಾಗದ ಎಲ್ಲಿಟ್ಟಿದ್ದೀರಿ ಎಂದು ಕೇಳಿ. ಹಳೆ ಸಂಬಳದ ಚೀಟಿ ಒಂದು ಸಿಕ್ಕರೂ ಅದರಲ್ಲಿ ಇಎಸ್ಐ ಕಡಿತ ಮತ್ತು ನಂಬರ್ ಇರಬಹುದು. ಸಿಕ್ಕರೆ ನನಗೆ ಬರೆಯಿರಿ, ಶಾಖಾ ಕಚೇರಿಯಲ್ಲಿ ಅರ್ಜಿ ತುಂಬುವುದನ್ನು ಹೇಳಿಕೊಡುತ್ತೇನೆ.